ಬಲೆಗೆ ಬಿದ್ದ ಬೇಡದ ಜೀವಗಳ ಲೆಕ್ಕ ಹಾಕೋದು ಹೇಗೆ?

ಪ್ರಶ್ನೆ (ಕಂಪ್ಲಿಯಿಂದ): ಸರ್, ಮೀನಿನ ಬಲೆಗೆ ಆಮೆ, ನೀರುನಾಯಿ ಸಿಕ್ಕಿ ಸಾಯುತ್ತವೆ ಅಂತಾರೆ. ಇಲ್ಲಿ ಬಲೆ ಹಾಕುವವರನ್ನು ಕೇಳಿದರೆ ‘ಅಂಥದ್ದೇನೂ ಇಲ್ಲ’ ಅಂತಾರೆ. ಸಮುದ್ರದಲ್ಲಿ ಇದಕ್ಕೆ ಲೆಕ್ಕ ಇಡುತ್ತಾರಂತೆ. ಹೇಗೆ? ನಮ್ಮ ತುಂಗಭದ್ರಾ ಹೊಳೆಗೂ ಅದು ನಡೆಯುತ್ತಾ?

ಉತ್ತರ (ಮೀನುಗಾರಿಕೆ ವಿಜ್ಞಾನಿ): ನಡೆಯುತ್ತೆ. ಸಮುದ್ರದಲ್ಲಿ ಕೆಲವು ದೋಣಿಗಳ ಜೊತೆ ಒಬ್ಬ ವೀಕ್ಷಕ ಹೋಗುತ್ತಾನೆ. ಬಲೆ ಮೇಲೆತ್ತಿದಾಗ ಬಂದದ್ದನ್ನೆಲ್ಲ ಬರೆದುಕೊಳ್ಳುತ್ತಾನೆ, ವಾಪಸ್ ನೀರಿಗೆ ಎಸೆದದ್ದನ್ನೂ ಸೇರಿಸಿ. ದಡದಲ್ಲಿ ಕೂತು ಎಣಿಸಿದರೆ ಇದು ಕಾಣೋದಿಲ್ಲ. ನೂರು ಸಲ ಬಲೆ ಎತ್ತಿದಾಗ ಎರಡು ಆಮೆ ಸಿಕ್ಕವು ಅಂದುಕೊಳ್ಳಿ. ಆ ಹಂಗಾಮಿನಲ್ಲಿ ಎಲ್ಲರೂ ಸೇರಿ 5,000 ಸಲ ಎತ್ತಿದ್ದರೆ ಅಂದಾಜು ನೂರು ಆಮೆ. ಆದರೆ ವೀಕ್ಷಕ ಹತ್ತಿದ ದೋಣಿಗಳೆಲ್ಲ ಒಂದೇ ಜಾಗದಲ್ಲಿ ಬಲೆ ಬಿಟ್ಟಿದ್ದರೆ ಈ ಗುಣಾಕಾರ ಸುಳ್ಳಾಗುತ್ತೆ.

ಇನ್ನೊಂದು ವಿಷಯ. ನೂರು ಜಾಸ್ತಿನಾ, ಕಡಿಮೆನಾ? ಅದು ಆ ಜೀವಿಯ ಸಂತತಿ ಎಷ್ಟು ಬೇಗ ಬೆಳೆಯುತ್ತೆ ಅನ್ನೋದರ ಮೇಲೆ ನಿಂತಿದೆ. ಕಡಲಾಮೆ ಮೊಟ್ಟೆ ಇಡುವ ಪ್ರಾಯಕ್ಕೆ ಬರಲು ಹತ್ತು ವರ್ಷಕ್ಕೂ ಜಾಸ್ತಿ ಬೇಕು. ಬೆಳೆದ ಹೆಣ್ಣಾಮೆ ಸತ್ತರೆ ಬೇಗ ತುಂಬೋ ನಷ್ಟ ಅಲ್ಲ ಅದು. ಸಿಗಡಿ ಹಿಡಿಯಲು ದೋಣಿ ಎಳೆದೊಯ್ಯುವ ಟ್ರಾಲ್ ಬಲೆಗೆ ಕಂಬಿಗಳ ಚೌಕಟ್ಟು ಕಟ್ಟಿ, ಆಮೆ ಹೊರಬೀಳಲು ಕಿಂಡಿ ಬಿಡುವುದು ಇದಕ್ಕೇ.

ಪ್ರಶ್ನೆ (ಮುನಿರಾಬಾದ್‌ನಿಂದ): ಹರಿಗೋಲಿನಲ್ಲಿ ವೀಕ್ಷಕನಿಗೆ ಜಾಗ ಎಲ್ಲಿದೆ ರೀ?

ಉತ್ತರ: ಹ್ಹ, ಸರಿಯಾದ ಮಾತು! ಇನ್ನೊಂದು ಹರಿಗೋಲಿನಲ್ಲಿ ಹಿಂದೆ ಹೋಗಬೇಕು, ಇಲ್ಲವೇ ಬೆಳಿಗ್ಗೆ ಬಲೆ ಎತ್ತುವ ಹೊತ್ತಿಗೆ ದಡದಲ್ಲಿರಬೇಕು. ಬಲೆ ಎಷ್ಟು ಉದ್ದ, ಕಣ್ಣು ಎಷ್ಟು ಅಗಲ, ಎಷ್ಟು ಹೊತ್ತು ನೀರಲ್ಲಿತ್ತು, ಇವನ್ನೂ ಬರೆಯಿರಿ. ನೀರುನಾಯಿ, ಆಮೆ ಎರಡೂ ಗಾಳಿಗೆ ಮೇಲೆ ಬರಲೇಬೇಕು. ರಾತ್ರಿಯಿಡೀ ಬಿಟ್ಟ ನೈಲಾನ್ ಬಲೆಗೆ ಸಿಕ್ಕರೆ ಮುಳುಗಿ ಸಾಯುತ್ತವೆ. ಏನೂ ಸಿಗದ ದಿನವನ್ನೂ ಬರೆಯಿರಿ. ಅದು ಬಿಟ್ಟರೆ ಸರಾಸರಿ ಕೆಡುತ್ತೆ.

ಪ್ರಶ್ನೆ (ಕಂಪ್ಲಿಯವರೇ): ಸತ್ತದ್ದು ಯಾರು ಹೇಳ್ತಾರೆ ಸರ್? ಕೇಸ್ ಆಗುತ್ತೆ ಅಂತ ಹೆದರಿಕೆ.

ಉತ್ತರ: ಅದೇ ದೊಡ್ಡ ಕಷ್ಟ. ತುಂಗಭದ್ರಾ ಡ್ಯಾಂ ಕೆಳಗಿನಿಂದ ಕಂಪ್ಲಿವರೆಗಿನ ಸುಮಾರು 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದಾರೆ. ಹಾಗಾಗಿ ‘ಎಷ್ಟು ಕೊಂದಿರಿ’ ಅಂತ ಕೇಳಿದರೆ ಉತ್ತರ ಸೊನ್ನೆಯೇ. ‘ಈ ಸಲ ಬಲೆ ಎಷ್ಟು ಸಲ ಹರಿದವು, ಯಾವ ಮಡುವಿನಲ್ಲಿ?’ ಅಂತ ಕೇಳಿ ನೋಡಿ. ಬಲೆ ಹಾಳಾದ ಸಿಟ್ಟಿಗೆ ನೀರುನಾಯಿ ಕಥೆ ತಾನಾಗೇ ಬರುತ್ತೆ. ಬರೆದುಕೊಳ್ಳುವಾಗ ಯಾರ ಹೆಸರೂ ಬೇಡ, ಜಾಗ ಮತ್ತು ತಿಂಗಳು ಸಾಕು.