ಕಚ್ಚಿಕೊಂಡ ಬೋಲ್ಟು, ಹಿಡಿದುಕೊಂಡ ಬೋಲ್ಟು: ಎರಡೂ ಒಂದೇನಾ?

ಎಲ್ಲರಿಗೂ ನಮಸ್ಕಾರ.

ತುಕ್ಕು ತಿಂದು ಅಲುಗಾಡದೆ ಕೂತ ಬೋಲ್ಟಿಗೆ ನಿಮ್ಮ ಕಡೆ ಏನನ್ನುತ್ತಾರೆ? ಮಂಡ್ಯ, ಮೈಸೂರಿನ ಗ್ಯಾರೇಜುಗಳಲ್ಲಿ ನನ್ನ ಕಿವಿಗೆ ಬಿದ್ದಿರುವುದು ನಾಲ್ಕು ಮಾತು: ಕಚ್ಚಿಕೊಂಡಿದೆ, ಹಿಡ್ಕೊಂಡಿದೆ, ಜಾಮ್ ಆಗಿದೆ, ಸೀಜ್ ಆಗಿದೆ. ಆಡುವವರು ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುವುದೂ ಉಂಟು. ಆದರೆ ಕೆಲಸ ಗೊತ್ತಿರುವವರ ಬಾಯಲ್ಲಿ ಮೊದಲ ಎರಡಕ್ಕೆ ಸ್ಪಷ್ಟವಾದ ವ್ಯತ್ಯಾಸ ಇದೆ ಅನ್ನಿಸುತ್ತಿದೆ. ಅದು ಸರಿಯೇ ಎಂದು ಕೇಳಲು ಈ ಪತ್ರ.

ಹಿನ್ನೆಲೆ ಇಷ್ಟು. ಮೈಸೂರಿನಲ್ಲಿರುವ ನಮ್ಮ ಅಕ್ಕನ ಮಗ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದಾನೆ. ಗಾಡಿ ಬಹಳ ಕಾಲ ಮಂಗಳೂರಿನ ಕಡಲ ಗಾಳಿಯಲ್ಲಿ ನಿಂತಿದ್ದದ್ದು. ಅದಕ್ಕೆ ಗಿಡ್ಡ ಸ್ಪ್ರಿಂಗ್ ಹಾಕಿ ಎತ್ತರ ಕಡಿಮೆ ಮಾಡುವ ಕೆಲಸ ಮನೆಯ ಮುಂದೆಯೇ ನಡೆಯುತ್ತಿದೆ. ಜೊತೆಗಿರುವ ಮೆಕ್ಯಾನಿಕ್ ಗೆಳೆಯ ಕೈಕೆಲಸದಲ್ಲಿ ಗಟ್ಟಿಗ, ಓದುವುದು ಕನ್ನಡ ಮಾತ್ರ. ಆ ಹುಡುಗನಿಗಾಗಿ ಕೆಲಸದ ಕ್ರಮವನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಯಂತ್ರಾನುವಾದದ ಪುಟಗಳನ್ನು ನೋಡಿದರೆ ಸಸ್ಪೆನ್ಷನ್ (ಚಕ್ರಕ್ಕೂ ಗಾಡಿಯ ಮೈಗೂ ನಡುವಿನ ಸ್ಪ್ರಿಂಗಿನ ಜೋಡಣೆ) ಎನ್ನುವುದು ‘ಅಮಾನತು’ ಆಗಿ, ಬೋಲ್ಟನ್ನು ಬಿಡಿಸಿ ಎನ್ನುವುದು ‘ಮುರಿಯಿರಿ’ ಆಗಿ ಕೂತಿರುತ್ತದೆ. ಇಂಥದ್ದನ್ನು ಓದಿದ ಹುಡುಗ ಕನ್ನಡದಲ್ಲಿ ತಾಂತ್ರಿಕ ಬರಹವನ್ನು ಇನ್ನೊಮ್ಮೆ ಮುಟ್ಟುವುದಿಲ್ಲ. ನನಗೆ ಅದು ನಿಜವಾಗಿಯೂ ಸಂಕಟ.

ಮೊದಲು ‘ಸೀಜ್’. ಮೈಸೂರಿನಲ್ಲಿ ಈ ಪದ ಬೇರೂರಿದ್ದಕ್ಕೆ ಒಂದು ಕಾರಣ ಜಾವಾ ಇರಬೇಕು ಎಂಬುದು ನನ್ನ ಊಹೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳು ತಯಾರಾದವು. ಎಲ್ಲವೂ ಟೂ ಸ್ಟ್ರೋಕ್. ಪೆಟ್ರೋಲಿಗೆ ಬೆರೆಸುವ ಆಯಿಲ್ ಕಡಿಮೆಯಾದರೆ ಪಿಸ್ಟನ್ ಕಾದು, ಹಿಗ್ಗಿ, ಸಿಲಿಂಡರಿನಲ್ಲಿ ನಿಂತುಬಿಡುತ್ತಿತ್ತು. ‘ಎಂಜಿನ್ ಸೀಜ್ ಆಯ್ತು’ ಎಂದರೆ ಊರಿನ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ಈಗ ‘ಗಾಡಿ ಸೀಜ್ ಆಯ್ತು’ ಎಂದರೆ ಪೊಲೀಸರೋ ಸಾಲ ಕೊಟ್ಟವರೋ ಎತ್ತಿಕೊಂಡು ಹೋದರು ಎಂದೇ ಅರ್ಥ. ಎಂಜಿನ್ನಿಗೆ ಆ ಪದವನ್ನು ಬಿಡೋಣ. ಓಡುತ್ತಿದ್ದದ್ದು ಓಡುತ್ತಲೇ ನಿಂತದ್ದಕ್ಕೆ ಅದು ಹೊಂದುತ್ತದೆ. ವರ್ಷಗಟ್ಟಲೆ ಸುಮ್ಮನೆ ಕೂತೇ ಕೆಟ್ಟ ಬೋಲ್ಟಿಗೆ ಅಷ್ಟು ಹೊಂದುವುದಿಲ್ಲ. ‘ಜಾಮ್’ ತೀರಾ ಅಗಲವಾದ ಮಾತು, ಟ್ರಾಫಿಕ್ಕಿಗೂ ಅದೇ, ಬಾಗಿಲಿಗೂ ಅದೇ.

ಇನ್ನು ಕಚ್ಚು, ಹಿಡಿ. ಇವೆರಡೂ ಗ್ಯಾರೇಜಿನಲ್ಲಿ ಒಳ್ಳೆಯ ಅರ್ಥದ ಮಾತುಗಳು. ಪಾನಾ ನಟ್ಟಿನ ತಲೆಯನ್ನು ಸರಿಯಾಗಿ ಕಚ್ಚಬೇಕು. ಕಚ್ಚದಿದ್ದರೆ ಮೂಲೆ ಸವೆದು ತಲೆ ಗುಂಡಗಾಗುತ್ತದೆ. ಬ್ರೇಕ್ ಹಿಡಿಯಬೇಕು, ಹಿಡಿಯದಿದ್ದರೆ ಅಪಾಯ. ಇದೇ ಕ್ರಿಯಾಪದಕ್ಕೆ ‘ಕೊಳ್ಳು’ ಸೇರಿಸಿ ನೋಡಿ. ‘ಬ್ರೇಕ್ ಹಿಡೀತು’ ಎಂದರೆ ಗಾಡಿ ಸರಿಯಾಗಿ ನಿಂತಿತು. ‘ಬ್ರೇಕ್ ಹಿಡ್ಕೊಂಡಿದೆ’ ಎಂದರೆ ಕಾಲು ತೆಗೆದರೂ ಚಕ್ರ ಬಿಡುತ್ತಿಲ್ಲ, ರಿಪೇರಿಗೆ ಬಂದಿದೆ. ‘ಪಾನಾ ಕಚ್ಚಿತು’ ಸಮಾಧಾನ, ‘ಬೋಲ್ಟು ಕಚ್ಚಿಕೊಂಡಿದೆ’ ತೊಂದರೆ. ಯಾರೂ ಮಾಡದೆ, ಯಾರಿಗೂ ಬೇಡದೆ ತನ್ನಷ್ಟಕ್ಕೆ ಆದದ್ದು ಎಂಬ ಅರ್ಥವನ್ನು ಇಲ್ಲಿ ‘ಕೊಳ್ಳು’ ಒಂದೇ ತರುತ್ತಿದೆ. ಮಗು ಅಮ್ಮನ ಸೆರಗು ಹಿಡಿದುಕೊಂಡಿತು ಎನ್ನುವಾಗ ಅದು ಮಗು ಬೇಕೆಂದು ಮಾಡಿದ್ದು. ಸೊಂಟ ಹಿಡಿದುಕೊಂಡಿತು ಎನ್ನುವಾಗ ಬೇಡದೆ ಆದದ್ದು. ಕಾರಿನ ಕೀಲುಗಳಿಗೂ ಮೈಯ ಕೀಲುಗಳಿಗೂ ನಮ್ಮ ಜನ ಒಂದೇ ಮಾತು ಬಳಸುತ್ತಿದ್ದಾರೆ, ಮತ್ತು ಅದು ಖಚಿತವಾದ ಬಳಕೆ. ಬೆಂಕಿ ಹೊತ್ತಿಕೊಳ್ಳುವುದು, ಬಾಗಿಲು ತೆರೆದುಕೊಳ್ಳುವುದು ಇದೇ ಜಾತಿಯವು. ಅಲ್ಲಿ ಕೇಡಿನ ಅರ್ಥ ಇರಲೇಬೇಕೆಂದಿಲ್ಲ. ಹಾಗಾದರೆ ಹಿಡಿ, ಕಚ್ಚುಗಳಲ್ಲಿ ಮಾತ್ರ ಕೇಡು ಯಾಕೆ ಬರುತ್ತದೆ? ವ್ಯಾಕರಣ ಬಲ್ಲವರು ಇದನ್ನು ಬಿಡಿಸಿದರೆ ಉಪಕಾರ.

ಈಗ ಎರಡರ ನಡುವಿನ ವ್ಯತ್ಯಾಸ. ಆ ಮೆಕ್ಯಾನಿಕ್ ಹುಡುಗ ಕೆಳಗಿನ ಆರ್ಮಿನ (ಚಕ್ರವನ್ನು ಗಾಡಿಯ ಮೈಗೆ ಸೇರಿಸುವ ತೋಳಿನ) ಬೋಲ್ಟಿಗೆ ಪಾನಾ ಹಾಕಿ ಹೇಳಿದ್ದು ಹೀಗೆ: ‘ನಟ್ಟು ಕಚ್ಕೊಂಡಿತ್ತು ಸಾರ್, ಎಣ್ಣೆ ಬಿಟ್ಟೆ, ಬಿಡ್ತು. ಬೋಲ್ಟು ಮಾತ್ರ ಬುಷ್ಷೊಳಗೆ ಹಿಡ್ಕೊಂಡಿದೆ. ಜಪ್ಪಯ್ಯ ಅಂದ್ರೂ ಬರಲ್ಲ.’ ಬಾಯಿತಪ್ಪಿ ಬಂದ ಮಾತಲ್ಲ. ಒಂದೇ ಬೋಲ್ಟಿನ ಎರಡು ಬೇರೆ ಕಾಯಿಲೆಗಳನ್ನು ಎರಡು ಬೇರೆ ಪದಗಳಲ್ಲಿ ಹೇಳಿದ್ದಾನೆ.

ಥ್ರೆಡ್ಡಿನ ಸುತ್ತುಗಳ ನಡುವೆ ತುಕ್ಕು ಬೆಳೆದು ನಟ್ಟು ತಿರುಗದಿರುವುದು ಮೊದಲನೆಯದು. ಸುತ್ತು ಸುತ್ತನ್ನು ಕಚ್ಚಿದೆ. ಇದಕ್ಕೆ ಮದ್ದುಂಟು. ತಂತಿ ಬ್ರಷ್ಷಿನಿಂದ ಹೊರಗಿನ ಥ್ರೆಡ್ ಉಜ್ಜಿ, ತುಕ್ಕಿಗೆ ಹಾಕುವ ತೆಳು ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಯಲು ಬಿಡಬೇಕು. ಬೆಳಿಗ್ಗೆ ತಲೆಯ ಮೇಲೆ ಸುತ್ತಿಗೆಯಿಂದ ಒಂದೆರಡು ಏಟು ಕೊಟ್ಟು, ಮೊದಲು ಬಿಗಿಯುವ ಕಡೆಗೇ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಸಡಿಲದ ಕಡೆಗೆ. ಬಂದಷ್ಟು ಬಂದು ನಿಂತರೆ ಒತ್ತಾಯ ಮಾಡದೆ ಹಿಂದಕ್ಕೆ ಬಿಟ್ಟು ಮತ್ತೆ ಮುಂದಕ್ಕೆ. ಅದಕ್ಕೂ ಬಗ್ಗದಿದ್ದರೆ ನಟ್ಟನ್ನು ಕಾಯಿಸುತ್ತಾರೆ. 12 ಮಿ.ಮೀ. ರಂಧ್ರವಿರುವ ಉಕ್ಕಿನ ನಟ್ಟಿನ ಬಿಸಿ 300 ಡಿಗ್ರಿ ಏರಿದರೆ ರಂಧ್ರ ಸುಮಾರು 0.04 ಮಿ.ಮೀ. ಹಿಗ್ಗುತ್ತದೆ. ತುಕ್ಕಿನ ಹಿಡಿತ ಒಡೆಯಲು ಬಹಳ ಸಲ ಅಷ್ಟೇ ಸಾಕು. ಎಣ್ಣೆ ಹೊಡೆದ ಜಾಗಕ್ಕೆ ಹಾಗೆಯೇ ಬೆಂಕಿ ಹಿಡಿಯಬಾರದು, ಒರೆಸಿಯೇ ಹಿಡಿಯಬೇಕು ಎಂಬುದನ್ನು ಬರಹದಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದೇನೆ.

ಎರಡನೆಯದು ಬೇರೆಯೇ. ಆರ್ಮಿನ ತುದಿಯ ರಬ್ಬರ್ ಬುಷ್ಷಿನ ಒಳಗೆ ಉಕ್ಕಿನ ಕೊಳವೆ ಇರುತ್ತದೆ, ಬೋಲ್ಟು ಅದರ ಮೂಲಕ ಹಾಯ್ದು ಹೋಗುತ್ತದೆ. ಆ ಕೊಳವೆಯೊಳಗೆ ಥ್ರೆಡ್ಡೇ ಇಲ್ಲ, ಕಚ್ಚಲು ಹಲ್ಲೂ ಇಲ್ಲ. ನೀರು ಸೇರಿ ಕಬ್ಬಿಣ ತುಕ್ಕಾದಾಗ ತಾನಿದ್ದದ್ದಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಮಳೆಗಾಲದಲ್ಲಿ ಮರದ ಬಾಗಿಲು ಊದಿ ಚೌಕಟ್ಟಿಗೆ ಹಿಡಿದುಕೊಂಡ ಹಾಗೆ ಬೋಲ್ಟು ಕೊಳವೆಗೆ ಉದ್ದಕ್ಕೂ ಹಿಡಿದುಕೊಳ್ಳುತ್ತದೆ. ಗುರುತು ಹಿಡಿಯುವುದು ಸುಲಭ: ನಟ್ಟು ಕೈಗೆ ಬಂದಿರುತ್ತದೆ, ಬೋಲ್ಟಿನ ತಲೆ ತಿರುಗಿಸಿದರೆ ಸ್ವಲ್ಪ ತಿರುಗಿ, ಪಾನಾ ಬಿಟ್ಟಕೂಡಲೇ ಮೊದಲಿನ ಜಾಗಕ್ಕೆ ವಾಪಸ್. ಬೋಲ್ಟು ಕೊಳವೆಯಿಂದ ಬಿಟ್ಟಿಲ್ಲ, ಎರಡೂ ಒಟ್ಟಿಗೆ ತಿರುಗಿ ರಬ್ಬರು ತಿರುಚಿಕೊಂಡಿದೆ ಅಷ್ಟೇ. ಕೊಳವೆಯ ಎರಡೂ ತುದಿ ಬ್ರಾಕೆಟ್ಟಿಗೆ ಒತ್ತಿ ಕೂತಿರುವುದರಿಂದ ಎಣ್ಣೆ ಒಳಗೆ ಹೋಗುವುದೇ ಕಷ್ಟ. ಕಾಯಿಸಿದರೆ ರಬ್ಬರ್ ಸುಡುತ್ತದೆ. ಕೊನೆಗೆ ಆರ್ಮಿನ ಎರಡೂ ಪಕ್ಕದಲ್ಲಿ ಬೋಲ್ಟನ್ನು ಗರಗಸದಿಂದ ಕೊಯ್ದು, ಹೊಸ ಬುಷ್ಷು, ಹೊಸ ಬೋಲ್ಟು ಹಾಕುವುದೇ ದಾರಿಯಾಗುತ್ತದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ದೇಶಗಳಲ್ಲಿ ಮಾಜ್ದಾ ಎಂಎಕ್ಸ್-5 ಎಂಬ ಪುಟ್ಟ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಿಗೆ ಇದು ಚಿರಪರಿಚಿತ ಗೋಳು. ಅದರಲ್ಲಿ ಚಕ್ರದ ಓರೆ ಹೊಂದಿಸುವ ಬೋಲ್ಟುಗಳೇ ಹೀಗೆ ಹಿಡಿದುಕೊಳ್ಳುತ್ತವೆ, ಹಾಗಾದಮೇಲೆ ಅಲೈನ್‌ಮೆಂಟೂ ಸಾಧ್ಯವಾಗುವುದಿಲ್ಲ.

ಹಾಗಾಗಿ ನನ್ನ ಬರಹದಲ್ಲಿ ಥ್ರೆಡ್ಡಿಗೆ ‘ಕಚ್ಚಿಕೊಳ್ಳು’, ಕೊಳವೆಗೆ ‘ಹಿಡಿದುಕೊಳ್ಳು’ ಎಂದು ಕಟ್ಟುನಿಟ್ಟಾಗಿ ಬೇರ್ಪಡಿಸಿದ್ದೇನೆ. ಓದಿದವನಿಗೆ ಎಣ್ಣೆ ಹಾಕಿ ಕಾಯಬೇಕೋ ಗರಗಸ ತರಬೇಕೋ ಎಂಬುದು ಪದದಿಂದಲೇ ತಿಳಿಯಬೇಕು. ಸ್ನೇಹಿತರೊಬ್ಬರು ಎರಡಕ್ಕೂ ‘ಬೆಸೆದುಕೊಂಡಿದೆ’ ಎನ್ನಬಹುದಲ್ಲ ಎಂದರು. ನನಗೆ ಒಪ್ಪಿಗೆಯಿಲ್ಲ. ಬೆಸುಗೆ ಬೇಕೆಂದೇ ಹಾಕುವಂಥದ್ದು, ಗ್ಯಾರೇಜಿನಲ್ಲಿ ವೆಲ್ಡಿಂಗ್ ನೆನಪಾಗಿ ಗೊಂದಲವಾಗುತ್ತದೆ. ‘ಸ್ತಂಭಿಸಿದ ಬೋಲ್ಟು’ ಎಂಬ ಇನ್ನೊಂದು ಸಲಹೆಯಂತೂ ಕಾರಿನ ಕೆಳಗೆ ಮಲಗಿದವನ ಮಾತಲ್ಲ.

ಬಿಚ್ಚುವ ಕಡೆಗೂ ಇದೇ ಎಚ್ಚರ ಬೇಕಾಯಿತು. ಸಡಿಲಿಸು, ಬಿಡಿಸು, ಬಿಚ್ಚು, ಕಳಚು ಇವು ಒಂದರ ಬದಲು ಒಂದು ಬರುವ ಪದಗಳಲ್ಲ. ಹಿಡಿತ ಹೋಗಲಾಡಿಸುವುದು ಬಿಡಿಸುವುದು, ಬೋಲ್ಟು ಮೊದಲ ಸಲ ಅಲುಗಿದಾಗ ‘ಬಿಡ್ತು!’ ಎನ್ನುವುದು ಅದಕ್ಕೇ. ಸಡಿಲಿಸಿದ ನಟ್ಟು ತನ್ನ ಜಾಗದಲ್ಲೇ ಇರುತ್ತದೆ. ಬಿಚ್ಚಿದ್ದು ಕೈಗೆ ಬರುತ್ತದೆ. ಕಳಚುವುದು ನಟ್ಟನ್ನಲ್ಲ, ಅದು ಹಿಡಿದಿದ್ದ ಭಾಗವನ್ನು. ಸ್ಟ್ರಟ್ಟಿನ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದಾಗಿರುವ ಕಂಬದ) ನೆತ್ತಿಯ ನಟ್ಟಿನ ವಿಷಯದಲ್ಲಿ ಇದು ಜೀವದ ಪ್ರಶ್ನೆ. ಗಾಡಿ ನೆಲದ ಮೇಲಿದ್ದಾಗ ಅದನ್ನು ಕಾಲು ಸುತ್ತು ಸಡಿಲಿಸುತ್ತಾರೆ, ಆದರೆ ಸ್ಪ್ರಿಂಗ್ ಅದುಮುವ ಸಾಧನದಿಂದ ಸ್ಪ್ರಿಂಗನ್ನು ಪೂರ್ತಿ ಅದುಮದೆ ಬಿಚ್ಚಿದರೆ ಅದು ಚಿಮ್ಮಿ ಮುಖಕ್ಕೆ ಬರುತ್ತದೆ. ಅಲ್ಲಿ ‘ಸಡಿಲಿಸಿ, ಬಿಚ್ಚಬೇಡಿ’ ಎಂದೇ ಬರೆದಿದ್ದೇನೆ. ಹಳ್ಳಿ ಕಡೆಯವರು ಸಡಿಲಿಸಿ ಎನ್ನುವುದನ್ನು ಬಿಚ್ಚಿ ಎಂದು ತಿಳಿಯುವ ಸಾಧ್ಯತೆ ಎಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ, ಬೇರೆ ಮಾತು ಹುಡುಕುತ್ತೇನೆ.

‘ಇಳಿಸು’ ಇನ್ನೊಂದು ತೊಡಕು. ಜಾಕ್ ಇಳಿಸುವುದೂ ಇಳಿಸುವುದೇ, ಗಾಡಿಯ ಎತ್ತರ ಕಡಿಮೆ ಮಾಡುವುದನ್ನೂ ಹುಡುಗರು ‘ಇಳಿಸೋದು’ ಎನ್ನುತ್ತಾರೆ. ಹೊಸ ಸ್ಪ್ರಿಂಗ್ ಹಾಕಿದ ಮೇಲೆ ಆರ್ಮಿನ ಬೋಲ್ಟುಗಳ ಕೊನೆಯ ಬಿಗಿತವನ್ನು ಚಕ್ರಗಳು ನೆಲಕ್ಕೆ ಭಾರ ಬಿಟ್ಟಿರುವಾಗಲೇ ಕೊಡಬೇಕು. ಗಾಡಿ ಎತ್ತಿರುವಾಗಲೇ ಬಿಗಿದುಬಿಟ್ಟರೆ ಬುಷ್ಷಿನ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಇದನ್ನು ಹೇಳುವ ವಾಕ್ಯದಲ್ಲಿ ಎರಡು ‘ಇಳಿಸು’ ಬಂದರೆ ಓದುವವನು ಎಡವುತ್ತಾನೆ. ಎತ್ತರ ಕಡಿಮೆ ಮಾಡುವುದಕ್ಕೆ ‘ತಗ್ಗಿಸು’ ಇಟ್ಟುಕೊಂಡಿದ್ದೇನೆ, ಜಾಕಿಗೆ ‘ಇಳಿಸು’.

ಉಳಿದದ್ದು ತುಕ್ಕಿಗೆ ಹಾಕುವ ಆ ತೆಳು ಎಣ್ಣೆಯ ಹೆಸರು. ಹಳಬರು ಸೀಮೆಎಣ್ಣೆ, ಡೀಸೆಲ್ಲಿನಲ್ಲೇ ನೆನೆಸುತ್ತಿದ್ದರಿಂದ ಪ್ರತ್ಯೇಕ ಹೆಸರು ಹುಟ್ಟಲಿಲ್ಲವೇನೋ. ನೀರು ನೆಲಕ್ಕೆ ಇಂಗುವ ಹಾಗೆ ಇದು ಸಂದಿಗೆ ಇಂಗುವುದರಿಂದ, ಇಂಗುಗುಂಡಿಯ ಮಾದರಿಯಲ್ಲಿ ‘ಇಂಗೆಣ್ಣೆ’ ಎನ್ನಲು ಮನಸ್ಸಾಗುತ್ತದೆ. ಅಡುಗೆಯ ಇಂಗಿನ ನೆನಪು ಬರುತ್ತದೆ ಎಂಬ ಅಳುಕೂ ಇದೆ. ಸದ್ಯಕ್ಕೆ ‘ತುಕ್ಕು ಬಿಡಿಸುವ ಎಣ್ಣೆ’ ಎಂದಿಟ್ಟಿದ್ದೇನೆ. ಉದ್ದವಾದರೂ ಅರ್ಥ ತಪ್ಪುವುದಿಲ್ಲ.

ಮಂಡ್ಯದ ಆಲೆಮನೆಗಳಲ್ಲಿ, ಸಕ್ಕರೆ ಕಾರ್ಖಾನೆಯಲ್ಲಿ, ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರು, ಕುಲುಮೆಯ ಕೆಲಸ ಬಲ್ಲವರು ನಿಮ್ಮ ಮನೆಗಳಲ್ಲಿ ಇರಬಹುದು. ಕಬ್ಬಿನ ಹಾಲು ಬಿದ್ದು ತುಕ್ಕಾದ ಗಾಣದ ಬೋಲ್ಟಿಗೆ ಅವರು ಏನನ್ನುತ್ತಿದ್ದರು? ನಟ್ಟು ಬಂದು ಬೋಲ್ಟು ಬಾರದಿದ್ದಾಗ ಬೇರೆ ಮಾತು ಇತ್ತೇ? ಕರಾವಳಿ ಮತ್ತು ಉತ್ತರ ಕರ್ನಾಟಕದವರು ನಿಮ್ಮಲ್ಲಿ ಕಚ್ಚಿಕೊಳ್ಳು, ಹಿಡಿದುಕೊಳ್ಳುಗಳ ಜಾಗದಲ್ಲಿ ಏನು ಬರುತ್ತದೆ ಎಂದು ಬರೆಯಿರಿ. ಕೇಳಿದ ವಾಕ್ಯವನ್ನು ಆಡಿದ ಹಾಗೆಯೇ, ತಿದ್ದದೆ ಕಳಿಸಿದರೆ ಹೆಚ್ಚು ಪ್ರಯೋಜನ.