ಪದಚರ್ಚೆ: ನಮ್ಮ ಕಡೆಯ ‘ಕ್ಯಾಂಪ್’ ಶಿಬಿರ ಅಲ್ಲ

ಎಲ್ಲರಿಗೂ ನಮಸ್ಕಾರ. ಸಿಂಧನೂರಿನಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಜೆರಾಕ್ಸ್, ಆನ್‌ಲೈನ್ ಅರ್ಜಿ ತುಂಬುವುದು, ಇಷ್ಟೇ ಕೆಲಸ. ದಿನಾ ಹತ್ತಿಪ್ಪತ್ತು ವಿಳಾಸ ಟೈಪ್ ಮಾಡುತ್ತೇನೆ. ಅದರಲ್ಲಿ ಜಾಸ್ತಿ ಬರುವ ಪದ ಯಾವುದು ಅಂದರೆ ‘ಕ್ಯಾಂಪ್’.

ಹೋದ ವಾರ ಒಬ್ಬ ಹಿರಿಯರು ಒಂದು ಕಾಗದ ಹಿಡಿದುಕೊಂಡು ಬಂದರು. ಹತ್ತಿರದ ಒಂದು ಕ್ಯಾಂಪಿನವರು. ಮನೆಮಾತು ತೆಲುಗು, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕಾಗದವನ್ನು ನನ್ನ ಮುಂದಿಟ್ಟು ಕೇಳಿದರು: “ಸರ, ಇದು ಕಣ್ಣಿನ ಶಿಬಿರದ ಕಾಗದ ಏನ್ರಿ? ನಾ ಹಾಕಿದ್ದು ಹೊಲದ ಅರ್ಜಿ ಅಲ್ಲೇನ್ರಿ?” ನೋಡಿದರೆ ಅದು ಅವರ ಹೊಲದ ಕಾಗದವೇ. ‘ಗ್ರಾಮ’ ಎಂಬಲ್ಲಿ ಅವರ ಊರಿನ ಹೆಸರು ಬರೆದು, ಮುಂದೆ ‘ಶಿಬಿರ’ ಎಂದು ಅಚ್ಚು ಹಾಕಿದ್ದರು. ಇಂಗ್ಲಿಷಿನಲ್ಲಿದ್ದ ‘ಕ್ಯಾಂಪ್’ ಅನ್ನು ಯಾವುದೋ ಕಂಪ್ಯೂಟರ್ ಕನ್ನಡಕ್ಕೆ ತಿರುಗಿಸಿತ್ತು. ತನ್ನ ಊರಿನ ಹೆಸರು ತನಗೇ ಗುರುತು ಸಿಗದ ಹಾಗೆ ಆಯಿತಲ್ಲ ಎಂದು ಅವರು ನೊಂದುಕೊಂಡರು. ನನಗೂ ಬೇಜಾರಾಯಿತು. ಅವತ್ತಿನಿಂದ ಈ ಪದ ತಲೆಯಲ್ಲೇ ಕೂತಿದೆ.

ಕನ್ನಡದಲ್ಲಿ ಶಿಬಿರ ಅಂದರೆ ನಾಲ್ಕು ದಿನದ್ದು. ಕಣ್ಣಿನ ಶಿಬಿರ, ರಕ್ತದಾನ ಶಿಬಿರ, ಮಕ್ಕಳ ಬೇಸಿಗೆ ಶಿಬಿರ. ಶಾಮಿಯಾನ ಬಿಚ್ಚಿದರೆ ಮುಗಿಯಿತು. ನಮ್ಮ ಕ್ಯಾಂಪಿನಲ್ಲಿ ಗುಡಿ ಇದೆ, ಸಾಲಿ ಇದೆ, ರೈಸ್ ಮಿಲ್ ಇದೆ, ಮೂರು ತಲೆಮಾರಿನ ಮನೆಗಳಿವೆ. ಅದು ಊರು.

ಬೇರೆ ಕಡೆಯವರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ತುಂಗಭದ್ರಾ ಅಣೆಕಟ್ಟಿನ ಕೆಲಸ ಶುರುವಾದದ್ದು 1945ರಲ್ಲಿ. 1953ರ ಹೊತ್ತಿಗೆ ಕಾಲುವೆಗೆ ನೀರು ಬಂತು. ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆ ಹಾಯ್ದು 227 ಕಿಲೋಮೀಟರ್ ಹರಿಯುತ್ತದೆ. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಹೊಲಕ್ಕೆ ನೀರು ಬಂದಾಗ, ಭತ್ತ ಬೆಳೆದು ಗೊತ್ತಿದ್ದ ಕರಾವಳಿ ಆಂಧ್ರದ ರೈತರು ಬಂದು ಹೊಲ ಕೊಂಡರು. ಹೊಲದ ಹತ್ತಿರವೇ ಗುಡಿಸಲು ಹಾಕಿಕೊಂಡರು. ಆ ಜಾಗಗಳಿಗೆ ಕ್ಯಾಂಪ್ ಎಂಬ ಹೆಸರು ನಿಂತಿತು.

ಹೆಸರು ಇಂಜಿನಿಯರುಗಳ ಬಾಯಿಂದ ಬಂದದ್ದು ಎಂದು ನನ್ನ ಅನಿಸಿಕೆ. ಸಿಂಧನೂರಿನಲ್ಲಿ ಪಿ.ಡಬ್ಲ್ಯೂ.ಡಿ. ಕ್ಯಾಂಪ್ ಎಂಬ ಬಡಾವಣೆ ಇವತ್ತಿಗೂ ಇದೆ. ಕಾಲುವೆ ಕೆಲಸದವರು ಇಳಿದುಕೊಂಡ ಜಾಗ ಕ್ಯಾಂಪ್ ಆದ ಮೇಲೆ, ಕಾಲುವೆ ನೀರಿಗೆ ಬಂದವರ ಜಾಗವೂ ಕ್ಯಾಂಪ್ ಆಗುವುದು ಸಹಜ ಅಲ್ವಾ? ಆಮೇಲೆ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಇದೇ ತಾಲೂಕಿನಲ್ಲಿ ಸರ್ಕಾರ ನೆಲೆ ಕೊಟ್ಟಿತು. ಅವು ಆರ್.ಹೆಚ್. (ರಿಹ್ಯಾಬಿಲಿಟೇಶನ್, ಅಂದರೆ ಪುನರ್ವಸತಿ) ಕ್ಯಾಂಪ್‌ಗಳು. ಹೆಸರಿನ ಜಾಗದಲ್ಲಿ ಒಂದು, ಎರಡು ಎಂದು ನಂಬರ್. ಅಲ್ಲಿಯ ಹುಡುಗರು ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ರಾಯಚೂರು ಕನ್ನಡ ಮಾತಾಡುತ್ತಾರೆ.

ಬಳಕೆಯಲ್ಲಿ ಈ ಪದ ಪೂರಾ ಕನ್ನಡದ್ದಾಗಿದೆ. ಸಸಿ ಹಚ್ಚುವ ಕಾಲದಲ್ಲಿ “ಅಕ್ಕ ಎಲ್ಲಿ ಹೋಗ್ಯಾಳ?” ಎಂದು ಕೇಳಿದರೆ “ಕ್ಯಾಂಪಿಗೆ ಹೋಗ್ಯಾಳ” ಎಂದಷ್ಟೇ ಉತ್ತರ. ಕೂಲಿಗೆ ಹೋಗಿದ್ದಾಳೆ, ಭತ್ತದ ಗದ್ದೆಗೆ ಹೋಗಿದ್ದಾಳೆ, ಸಂಜೆ ಟಂಟಂನಲ್ಲಿ ಬರುತ್ತಾಳೆ ಎಂಬುದೆಲ್ಲ ಅದರಲ್ಲೇ ಬಂತು. ನಮ್ಮಲ್ಲಿ ಸಣ್ಣ ಊರುಗಳಿಗೆ ಬೇರೆ ಬೇರೆ ಹೆಸರುಗಳಿವೆ. ಲಂಬಾಣಿಗರದು ತಾಂಡಾ. ದೇವದುರ್ಗ, ಲಿಂಗಸುಗೂರು ಕಡೆ ಹೊಲದಲ್ಲಿ ನಾಲ್ಕು ಮನೆ ಸೇರಿದರೆ ದೊಡ್ಡಿ. ಅದೇ ಸಾಲಿನಲ್ಲಿ ಕ್ಯಾಂಪ್ ಬಂದು ಕೂತಿದೆ.

ಒಂದು ಮಾತು ಮಾತ್ರ ಹೇಳಲೇಬೇಕು. ‘ಕ್ಯಾಂಪಿನವರು’ ಎಂದಾಗ ಕೆಲವರ ದನಿಯಲ್ಲಿ ‘ಹೊರಗಿನವರು’ ಎಂಬ ಅರ್ಥ ಇಣುಕುತ್ತದೆ. ಅದು ಸರಿಯಲ್ಲ. ಸಿಂಧನೂರು ಹತ್ತಿರದ ಗಾಂಧಿನಗರ, ಗಂಗಾವತಿ ಹತ್ತಿರದ ಶ್ರೀರಾಮನಗರ ನೋಡಿ. ಅವೂ ಹೀಗೆ ಬಂದವರು ಕಟ್ಟಿದ ಊರುಗಳೇ, ಹೆಸರಿನಲ್ಲಿ ‘ನಗರ’ ಇದೆ.

ಇನ್ನು ಮೂಲ. ಲ್ಯಾಟಿನ್ನಿನ ‘ಕಂಪುಸ್’ ಅಂದರೆ ಬಯಲು, ಹೊಲ. ರೋಮಿನ ಹೊರಗಿನ ದೊಡ್ಡ ಬಯಲಿನಲ್ಲಿ ದಂಡಿನ ಕವಾಯತು ನಡೆಯುತ್ತಿತ್ತು. ಅಲ್ಲಿಂದ ಇಟಾಲಿಯನ್, ಫ್ರೆಂಚ್ ದಾಟಿ 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬರುವಾಗ ‘ದಂಡು ಬೀಡುಬಿಟ್ಟ ಜಾಗ’ ಎಂಬ ಅರ್ಥ ಹೊತ್ತು ಬಂತು. ಕಾಲೇಜಿನ ಕ್ಯಾಂಪಸ್, ಚುನಾವಣೆಯ ಕ್ಯಾಂಪೇನ್, ಕುಸ್ತಿಯ ಚಾಂಪಿಯನ್ ಎಲ್ಲ ಒಂದೇ ಬಳ್ಳಿಯ ಕಾಯಿಗಳು. ಹೊಲ ಎಂಬ ಅರ್ಥದಿಂದ ಹೊರಟ ಪದ ದಂಡು, ಡೇರೆ ಎಲ್ಲ ಸುತ್ತಿ ನಮ್ಮಲ್ಲಿ ಮತ್ತೆ ಗದ್ದೆಗೇ ಬಂದು ಇಳಿದಿದೆ. ಇದು ಹೊಳೆದ ದಿನ ನನಗೆ ನಿದ್ದೆ ಬರಲಿಲ್ಲ.

ತಂಗುವ ಜಾಗದ ಪದ ಊರಿನ ಪದವಾಗುವುದು ಕನ್ನಡಕ್ಕೆ ಹೊಸದೇನಲ್ಲ. ಬಿಡು ಎಂಬುದರಿಂದ ಬೀಡು. ಪಯಣ ನಿಲ್ಲಿಸಿ ಬಿಡಾರ ಹೂಡಿದ ಜಾಗ. ಚಾಲುಕ್ಯರ ಶಾಸನಗಳಲ್ಲಿ ‘ಕಲ್ಯಾಣದ ನೆಲೆವೀಡಿನೊಳ್’ ಎಂದು ಬರುತ್ತದೆ. ಅಲ್ಲಿ ಬೀಡು ರಾಜಧಾನಿಯೇ ಆಗಿದೆ. ‘ನೆಲೆ’ ಸೇರಿದ ಬೀಡು! ಹಳೇಬೀಡು ಗೊತ್ತೇ ಇದೆ. ಪಾಳೆಯವೂ ಹಾಗೇ, ಬೆಂಗಳೂರಿನ ಪಾಳ್ಯಗಳನ್ನು ನೋಡಿ. ನಮ್ಮ ಕಡೆ ಲಕೋಟೆಯ ಮೇಲೆ ‘ಮು. ಪೋ.’ ಎಂದು ಬರೆಯುತ್ತೇವಲ್ಲ, ಆ ಮುಕ್ಕಾಂ ಅರಬ್ಬಿಯಿಂದ ಬಂದದ್ದು. ಸಾಹೇಬರು ಮುಕ್ಕಾಂ ಮಾಡಿದ್ದಾರೆ ಅಂದರೆ ಒಂದು ರಾತ್ರಿಯ ತಂಗು. ವಿಳಾಸದಲ್ಲಿ ಅದೇ ಮುಕ್ಕಾಂ ಖಾಯಂ ಊರು. ನಾವು ರಾಯಚೂರಿನಲ್ಲಿ ದಿನಾ ಕೇಳುವ ಉರ್ದು ಭಾಷೆಯ ಹೆಸರೂ ತುರ್ಕಿ ಮಾತಿನಲ್ಲಿ ದಂಡಿನ ಬೀಡು ಎಂಬ ಪದದಿಂದಲೇ ಬಂದದ್ದು.

ಹೀಗಾಗಿ ಕನ್ನಡ ನಿಘಂಟಿನಲ್ಲಿ ‘ಕ್ಯಾಂಪ್’ಗೆ ಎರಡನೇ ಅರ್ಥ ಕೊಡಬೇಕು ಎಂಬುದು ನನ್ನ ಬೇಡಿಕೆ. ಹೀಗೆ ಬರೆಯಬಹುದು: ‘ಕಾಲುವೆ ನೀರಾವರಿ ಸೀಮೆಯಲ್ಲಿ ಬೇರೆ ಕಡೆಯಿಂದ ಬಂದವರು ಹೊಲಗಳ ನಡುವೆ ಕಟ್ಟಿಕೊಂಡು ನೆಲೆಸಿದ ಊರು, ರಾಯಚೂರು, ಕೊಪ್ಪಳ, ಬಳ್ಳಾರಿ ಬಳಕೆ.’ ಊರ ಹೆಸರಿನ ಭಾಗವಾಗಿ ಬಂದಾಗ ಅದನ್ನು ಅನುವಾದ ಮಾಡಲೇಬಾರದು. ಆ ಹಿರಿಯರಿಗೆ ತಿದ್ದುಪಡಿ ಅರ್ಜಿ ನಾನೇ ಟೈಪ್ ಮಾಡಿಕೊಟ್ಟೆ. ‘ಶಿಬಿರ ಎಂಬುದನ್ನು ತೆಗೆದು ಕ್ಯಾಂಪ್ ಎಂದು ಓದಿಕೊಳ್ಳುವುದು.’ ಸಹಿ ಹಾಕುವ ಮುಂಚೆ ಅವರು ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು.

ಈಗ ನಿಮಗೆ ನನ್ನ ಪ್ರಶ್ನೆಗಳು. ಸಿರುಗುಪ್ಪ ಕಡೆ ಹಳ್ಳಿಯವರ ಬಾಯಲ್ಲಿ ಇದು ಕ್ಯಾಂಪೋ, ಇಲ್ಲಾ ಬೇರೆ ಹೆಸರೋ? ಭದ್ರಾ, ಕಾವೇರಿ ಕಾಲುವೆಗಳ ಸೀಮೆಯಲ್ಲಿ ಊರು ಎಂಬ ಅರ್ಥದಲ್ಲಿ ಈ ಪದ ಓಡಾಡುತ್ತದೆಯೇ? ಕ್ಯಾಂಪಿನಲ್ಲೇ ಹುಟ್ಟಿದವರು ಯಾರಾದರೂ ಇದ್ದರೆ, ನಿಮ್ಮ ಮನೆಯ ತೆಲುಗಿನಲ್ಲಿ, ಬಂಗಾಳಿಯಲ್ಲಿ ನಿಮ್ಮ ಊರಿಗೆ ಏನನ್ನುತ್ತೀರಿ ಎಂದು ದಯವಿಟ್ಟು ಬರೆಯಿರಿ.