ಅಪ್‌ಡೇಟ್: ಆ ಕಪ್ಪು ಬ್ರೂಚ್ ಗಾಜಲ್ಲ, ಜೆಟ್ಟೇ!

ಇಂಗ್ಲೆಂಡಿನ ಯಾರ್ಕ್‌ನ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡ ಕಪ್ಪು ಬ್ರೂಚ್ (ಬಟ್ಟೆಗೆ ಚುಚ್ಚಿಕೊಳ್ಳುವ ಪಿನ್ ಒಡವೆ) ಗಾಜೋ, ಒಡವೆಗೆ ಬಳಸುವ ಜೆಟ್ ಅನ್ನೋ ಕಪ್ಪು ವಸ್ತುವೋ ಅಂತ ಹೋದ ತಿಂಗಳು ಕೇಳಿದ್ದೆನಲ್ಲ? ನೀವು ಹೇಳಿದ ಪರೀಕ್ಷೆಗಳನ್ನೆಲ್ಲ ಮಾಡಿ ನೋಡಿದೆ.

ಅಂಗೈ ಮೇಲಿಟ್ಟರೆ ಒಣಗಿದ ಎಲೆಯ ಹಾಗೆ ಹಗುರ. ಕೆನ್ನೆಗೆ ತಾಗಿಸಿದರೆ ಗಾಜಿನ ತಂಪಿಲ್ಲ. ಹಿಂದಿನ ಅಂಚನ್ನು ಮೆರುಗಿಲ್ಲದ ಪಿಂಗಾಣಿ ಮೇಲೆ ಒಂಚೂರು ಎಳೆದೆ, ಕಂದು ಗೆರೆ ಮೂಡಿತು. ಜೆಟ್‌ನ ನಕಲಿಗೆ ಬಳಸುತ್ತಿದ್ದ, ಗಂಧಕ ಬೆರೆಸಿದ ಗಟ್ಟಿ ರಬ್ಬರು ವಲ್ಕನೈಟ್ ಕೂಡ ಹಾಗೇ ಗೆರೆ ಎಳೆಯುತ್ತದಂತೆ, ಉಜ್ಜಿದರೆ ಗಂಧಕದ ವಾಸನೆ ಬರುತ್ತದಂತೆ. ಆದರೆ ಇದನ್ನು ಬೆರಳಿನಿಂದ ಜೋರಾಗಿ ಉಜ್ಜಿದರೂ ಆ ವಾಸನೆ ಬರಲಿಲ್ಲ. ಖುಷಿಗೆ ಕುಣಿದುಬಿಟ್ಟೆ!

ಜೆಟ್ ಅಂದರೆ ಕಲ್ಲೇ ಅಲ್ಲ, ಕೋಟ್ಯಂತರ ವರ್ಷ ಹುದುಗಿ ಗಟ್ಟಿಯಾದ ಮರ. ಯಾರ್ಕ್‌ಶೈರ್ ಕರಾವಳಿಯ ವಿಟ್ಬಿ ಊರು ಇದಕ್ಕೇ ಹೆಸರುವಾಸಿ. 1861ರಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ 1901ರಲ್ಲಿ ತಾನು ಸಾಯುವವರೆಗೂ ಕಪ್ಪು ಬಟ್ಟೆ ಬಿಡಲಿಲ್ಲ. ಆ ಕಾಲದಲ್ಲಿ ಸಾವಿನ ದುಃಖದಲ್ಲಿದ್ದ ಹೆಂಗಸರು ಹೊಳೆಯುವ ಹರಳುಗಳನ್ನು ತೆಗೆದಿಟ್ಟು ಜೆಟ್ ಹಾಕಿಕೊಳ್ಳುತ್ತಿದ್ದರು.

ಪಿನ್ ಅಂಚು ದಾಟಿ ಹೊರಗೆ ಬಂದಿದೆ, ಯಾರೋ ರಿಪೇರಿ ಮಾಡಿರಬೇಕು ಅಂದುಕೊಂಡಿದ್ದೆ. ಅಲ್ಲ, ಆ ಕಾಲದ ಬ್ರೂಚ್ ಜಾಸ್ತಿ ಹಾಗೇ ಇರುತ್ತಿತ್ತು. ಹಿಂದೆ ಬರೀ ಬಾಗಿದ ಕೊಕ್ಕೆ, ಲಾಕ್ ಇಲ್ಲ. ಉದ್ದ ತುದಿಯನ್ನು ಬಟ್ಟೆಗೇ ಮತ್ತೆ ಚುಚ್ಚಿದರೆ ಬೀಳುವುದಿಲ್ಲ. ಎತ್ತರದ ಕಾಲರ್ ಕೂಡುವ ಕಡೆ, ಗಂಟಲ ಕೆಳಗೆ ಅದರ ಜಾಗ. ಸೀರೆ ಸೆರಗಿಗೆ ಸುಮ್ನೆ ಹಿಡಿದು ನೋಡಿದೆ. ಪಿನ್ ತುಂಬಾ ದಪ್ಪ, ರೇಷ್ಮೆ ಹರಿಯುತ್ತದೆ. ಉಣ್ಣೆ ಕೋಟಿಗೆ ಸರಿಯಾಗಿ ಕೂತಿತು.

ಹಿಂಬದಿಯ ಗಾಜಿನ ಕಿಂಡಿಯೊಳಗೆ ಹೆಣೆದ ಕಂದು ಕೂದಲಿದೆ. ತೆಗೆದುಬಿಡಿ ಅಂದಿದ್ದಿರಿ, ಅಲ್ವಾ? ತೆಗೆಯುವುದಿಲ್ಲ. ಯಾರೋ ತಮ್ಮವರ ನೆನಪಿಗೆ ಇಟ್ಟುಕೊಂಡಿದ್ದು ಅದು, ಅಲ್ಲೇ ಇರಲಿ.